ಚುಕ್ಕಿ ಎಲ್ಲಿ ಜಾರಿತು? ಅಳತೆ ಬದಲಿಸುವಾಗ ಆಗುವ ತಪ್ಪನ್ನು ಹುಡುಕುವ ಕೈಪಿಡಿ

ಅಂಕಿಗಳೆಲ್ಲ ಸರಿ ಇವೆ. ಗುಣಾಕಾರವೂ ಸರಿ. ಆದರೂ ಮನೆ ಮುಂದಿನ ಸಂಪಿನಲ್ಲಿ ಬರೀ 6 ಲೀಟರ್ ನೀರು ಹಿಡಿಯುತ್ತದೆ ಎಂದು ಉತ್ತರ ಬಂದಿದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಇಡೀ ಲೆಕ್ಕ ಅಳಿಸಿ ಮೊದಲಿನಿಂದ ಶುರು ಮಾಡುತ್ತಾರೆ. ಅದೇ ತಲೆ, ಅದೇ ಅಭ್ಯಾಸ. ಹಾಗಾಗಿ ಅದೇ ತಪ್ಪು ಮತ್ತೆ ಬರುತ್ತದೆ. ಸುಮ್ನೆ ಸಮಯ ಹಾಳು.

ದಶಮಾಂಶದ ಚುಕ್ಕಿ ಜಾರಿದ ಲೆಕ್ಕದಲ್ಲಿ ಒಂದು ಅನುಕೂಲ ಇದೆ. ಉತ್ತರ ಎಷ್ಟು ಪಟ್ಟು ತಪ್ಪಿದೆ ಎಂದು ಗೊತ್ತಾದರೆ ಎಲ್ಲಿ ತಪ್ಪಿದೆ ಎಂದೂ ಬಹುಪಾಲು ಗೊತ್ತಾಗುತ್ತದೆ. ಹತ್ತು ಪಟ್ಟಿನ ತಪ್ಪಿಗೆ ಒಂದು ಕಾರಣ, ಸಾವಿರ ಪಟ್ಟಿನದಕ್ಕೆ ಇನ್ನೊಂದು. ಪಟ್ಟು 1.13 ಅಂತಲೋ 18 ಅಂತಲೋ ಬಂದರೆ ಕಾರಣವೇ ಬೇರೆ. ಹಾಗಾಗಿ ಬಂದ ಉತ್ತರ, ಇರಬೇಕಾದ ಉತ್ತರ ಎರಡರಲ್ಲಿ ದೊಡ್ಡದನ್ನು ಚಿಕ್ಕದರಿಂದ ಮೊದಲು ಭಾಗಿಸಿ, ಆಮೇಲೆ ರಿಪೇರಿ.

ಮೊದಲು ಒಂದು ಅಂದಾಜು

ಎಷ್ಟು ಪಟ್ಟು ತಪ್ಪಿದೆ ಎಂದು ನೋಡಲು ಸರಿಯುತ್ತರದ ಒಂದು ಒರಟು ಅಂದಾಜು ಸಾಕು. ಕುಡಿಯುವ ನೀರಿನ ದೊಡ್ಡ ಕ್ಯಾನು 20 ಲೀಟರ್. ಸಿಮೆಂಟ್ ಚೀಲ 50 ಕೆಜಿ. ಒಂದು ಲೀಟರ್ ನೀರು ಒಂದು ಕೆಜಿ. ಮಾಮೂಲಿ ಎ4 ಹಾಳೆ ಸುಮಾರು 5 ಗ್ರಾಂ. 30×40 ಸೈಟು ಸುಮಾರು 111 ಚದರ ಮೀಟರ್. ಈ ಐದಾರು ಅಳತೆ ತಲೆಯಲ್ಲಿದ್ದರೆ ದಿನನಿತ್ಯದ ಮುಕ್ಕಾಲು ಲೆಕ್ಕಕ್ಕೆ ಸಾಲುತ್ತದೆ.

ಅಂದಾಜು ಎರಡು ಪಟ್ಟು ಆಚೀಚೆ ಇದ್ದರೂ ತೊಂದರೆ ಇಲ್ಲ. ಚುಕ್ಕಿ ಜಾರಿದರೆ ಕನಿಷ್ಠ ಹತ್ತು ಪಟ್ಟು ವ್ಯತ್ಯಾಸ ಬರುತ್ತದೆ, ಅದು ಕಣ್ಣಿಗೆ ಹೊಡೆಯುತ್ತದೆ.

ಒಂದೇ ಸಂಪು, ಮೂರು ತಪ್ಪು ಉತ್ತರ

ಸಂಪು 2 ಮೀಟರ್ ಉದ್ದ, 1.5 ಮೀಟರ್ ಅಗಲ, 2 ಮೀಟರ್ ಆಳ ಎಂದುಕೊಳ್ಳಿ. ಗುಣಿಸಿದರೆ 6 ಘನ ಮೀಟರ್. ಒಂದು ಘನ ಮೀಟರ್‌ಗೆ 1,000 ಲೀಟರ್. ಹಾಗಾಗಿ ಸರಿಯುತ್ತರ 6,000 ಲೀಟರ್.

ಉತ್ತರ 6 ಬಂದಿದ್ದರೆ ಸಾವಿರ ಪಟ್ಟು ಕಡಿಮೆ. ಅಂದರೆ ಅಳತೆ ಬದಲಾಯಿಸಿಯೇ ಇಲ್ಲ. ಘನ ಮೀಟರ್‌ನ ಸಂಖ್ಯೆಗೆ ಲೀಟರ್ ಎಂಬ ಹೆಸರು ಅಂಟಿಸಿದ್ದೀರಿ, ಅಷ್ಟೇ.

ಉತ್ತರ 600 ಬಂದಿದ್ದರೆ ಹತ್ತು ಪಟ್ಟು ಕಡಿಮೆ. ಸಾವಿರದಿಂದ ಗುಣಿಸುವ ಕಡೆ ನೂರರಿಂದ ಗುಣಿಸಿದ್ದೀರಿ. ಮೀಟರ್ ಎಂದ ಕೂಡಲೇ ಕೈ ತಾನಾಗಿ ಎರಡು ಸೊನ್ನೆ ಹಾಕುತ್ತದೆ, ಅಲ್ವಾ? ಅದು ಮೀಟರ್-ಸೆಂಟಿಮೀಟರ್ ಅಭ್ಯಾಸ.

ಉತ್ತರ 0.006 ಬಂದಿದ್ದರೆ ಹತ್ತು ಲಕ್ಷ ಪಟ್ಟು ಕಡಿಮೆ. ಇಷ್ಟು ದೊಡ್ಡ ತಪ್ಪು ಎಂದು ಗಾಬರಿ ಬೇಡ. ಸಾವಿರ ಸರಿಯಾದ ಸಂಖ್ಯೆಯೇ. ಗುಣಿಸುವ ಕಡೆ ಭಾಗಿಸಿದ್ದೀರಿ. ಚುಕ್ಕಿ ಬಲಕ್ಕೆ ಮೂರು ಸ್ಥಾನ ಹೋಗಬೇಕಿತ್ತು, ಎಡಕ್ಕೆ ಮೂರು ಸ್ಥಾನ ಹೋಗಿದೆ. ಎರಡರ ನಡುವಿನ ಅಂತರ ಆರು ಸ್ಥಾನ. ದಿಕ್ಕು ತಪ್ಪಿದಾಗ ಹೀಗೆ ಯಾವಾಗಲೂ ಸೊನ್ನೆಗಳು ಇಮ್ಮಡಿಯಾಗುತ್ತವೆ. ಮಿಲಿಮೀಟರ್-ಸೆಂಟಿಮೀಟರ್‌ನಲ್ಲಿ ದಿಕ್ಕು ತಪ್ಪಿದರೆ ನೂರು ಪಟ್ಟು, ಮೀಟರ್-ಸೆಂಟಿಮೀಟರ್‌ನಲ್ಲಿ ಹತ್ತು ಸಾವಿರ ಪಟ್ಟು, ಕೆಜಿ-ಗ್ರಾಂನಲ್ಲಿ ಹತ್ತು ಲಕ್ಷ ಪಟ್ಟು.

ದಿಕ್ಕು ತಪ್ಪುವುದಕ್ಕೆ ಕಾರಣ ಇದೆ. ಸೆಂಟಿಮೀಟರ್ ಚಿಕ್ಕದು, ಹಾಗಾಗಿ ಉತ್ತರವೂ ಚಿಕ್ಕದಿರಬೇಕು ಎಂದು ಮನಸ್ಸು ಹೇಳುತ್ತದೆ. ಆಗುವುದು ತಿರುಗುಮುರುಗು. 500ರ ನೋಟಿಗೆ ಚಿಲ್ಲರೆ ತೆಗೆದುಕೊಂಡರೆ ಕೈಯಲ್ಲಿ ನೋಟುಗಳು ಜಾಸ್ತಿಯಾಗುತ್ತವೆ, ದುಡ್ಡು ಅಷ್ಟೇ ಇರುತ್ತದೆ. ಅಳತೆಯ ಮಾನ ಚಿಕ್ಕದಾದರೆ ಸಂಖ್ಯೆ ದೊಡ್ಡದಾಗಬೇಕು.

ನೂರು ಪಟ್ಟು ತಪ್ಪಿದ್ದರೆ: ಮಿಲಿ ಆದ ಮೇಲೆ ಏನು?

ನೂರು ಪಟ್ಟಿನ ತಪ್ಪಿಗೆ ದಿಕ್ಕು ತಪ್ಪಿದ್ದು ಒಂದು ಕಾರಣ. ಇನ್ನೊಂದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ.

ಶಾಲೆಯಲ್ಲಿ ಕಿಲೋ, ಹೆಕ್ಟೋ, ಡೆಕಾ, ಮೀಟರ್, ಡೆಸಿ, ಸೆಂಟಿ, ಮಿಲಿ ಎಂದು ಬಾಯಿಪಾಠ ಮಾಡಿಸಿದ್ದಾರೆ. ಒಂದೊಂದು ಹೆಜ್ಜೆಗೆ ಒಂದೊಂದು ಸ್ಥಾನ. ಅಲ್ಲಿಯ ತನಕ ಸರಿ. ಮಿಲಿಯ ಕೆಳಗೆ ಮೈಕ್ರೋ ಬರುತ್ತದೆ. ಇದು ಒಂದು ಹೆಜ್ಜೆ ಅಲ್ಲ, ಮೂರು ಸ್ಥಾನದ ಜಿಗಿತ. ಕಿಲೋ ಮೇಲಿನ ಮೆಗಾ ಕೂಡ ಹಾಗೆಯೇ. ಪಾಠದ ಸಾಲನ್ನೇ ಮುಂದಕ್ಕೆ ಎಳೆದು ಒಂದು ಮಿಲಿಗ್ರಾಂಗೆ ಹತ್ತು ಮೈಕ್ರೋಗ್ರಾಂ ಎಂದುಕೊಂಡರೆ, ಸಾವಿರ ಇರಬೇಕಾದಲ್ಲಿ ಹತ್ತು ಬರುತ್ತದೆ. ವ್ಯತ್ಯಾಸ ನೂರು ಪಟ್ಟು. ಲೆಕ್ಕದಲ್ಲಿ ಮೈಕ್ರೋ ಅಥವಾ ಮೆಗಾ ಇದ್ದು ನೂರು ಪಟ್ಟು ತಪ್ಪಿದ್ದರೆ ಮೊದಲು ಇಲ್ಲೇ ನೋಡಿ.

ಚದರ ಮತ್ತು ಘನ

ಎರಡಡಿ ಟೈಲು ಎಂದು ನಾವು ಹೇಳುವುದು 600 ಮಿಲಿಮೀಟರ್ ಚೌಕದ ಟೈಲು. 600 ಗುಣಿಸು 600, ಅಂದರೆ 3,60,000 ಚದರ ಮಿಲಿಮೀಟರ್. ಮೀಟರ್‌ಗೆ ಸಾವಿರ ಮಿಲಿಮೀಟರ್ ಎಂದು ಸಾವಿರದಿಂದ ಭಾಗಿಸಿದರೆ 360 ಚದರ ಮೀಟರ್ ಬರುತ್ತದೆ. ಒಂದೇ ಟೈಲು ಮೂರು 30×40 ಸೈಟುಗಳನ್ನು ಮುಚ್ಚುತ್ತದೆ! ಸರಿಯುತ್ತರ 0.36 ಚದರ ಮೀಟರ್. ಒಂದು ಚದರ ಮೀಟರ್‌ನಲ್ಲಿ ಸಾವಿರ ಸಾಲು, ಸಾಲಿಗೆ ಸಾವಿರ, ಒಟ್ಟು ಹತ್ತು ಲಕ್ಷ ಚದರ ಮಿಲಿಮೀಟರ್ ಇವೆ.

ವಿಸ್ತೀರ್ಣದ ಲೆಕ್ಕಗಳಲ್ಲಿ ಈ ತಪ್ಪನ್ನು ಗುರುತಿಸುವುದು ಸುಲಭ. ಉದ್ದಕ್ಕೆ ಎಷ್ಟು ಸೊನ್ನೆಯೋ ತಪ್ಪೂ ಅಷ್ಟೇ ಸೊನ್ನೆಯದು. ಮಿಲಿಮೀಟರ್‌ನಿಂದ ಮೀಟರ್‌ಗೆ ಸಾವಿರ ಪಟ್ಟು, ಸೆಂಟಿಮೀಟರ್‌ನಿಂದ ಮೀಟರ್‌ಗೆ ನೂರು ಪಟ್ಟು. ಘನ ಅಳತೆಯಲ್ಲಿ ತಪ್ಪು ಇನ್ನೂ ದೊಡ್ಡದು: ಘನ ಸೆಂಟಿಮೀಟರನ್ನು ನೂರರಿಂದ ಭಾಗಿಸಿ ಘನ ಮೀಟರ್ ಎಂದರೆ ಹತ್ತು ಸಾವಿರ ಪಟ್ಟು ಜಾಸ್ತಿ ಬರುತ್ತದೆ.

ಇದನ್ನು ತಪ್ಪಿಸಲು ನನಗೆ ತಿಳಿದಂತೆ ಒಂದೇ ಭದ್ರವಾದ ದಾರಿ. ಗುಣಿಸುವ ಮೊದಲೇ ಉದ್ದ, ಅಗಲಗಳನ್ನು ಮೀಟರ್‌ಗೆ ತಂದುಬಿಡಿ. 0.6 ಗುಣಿಸು 0.6. ಚದರದ ಸೊನ್ನೆಗಳ ಗೊಡವೆಯೇ ಇಲ್ಲ.

ಒಂದಕ್ಕೆ ಇಷ್ಟು ಎನ್ನುವ ಅಳತೆಗಳಲ್ಲಿ, ಅಂದರೆ ಹೆಕ್ಟೇರಿಗೆ ಇಷ್ಟು ಕೆಜಿ ಎಂಬ ಕಡೆ, ಎರಡೂ ಬದಿ ಬದಲಾಗುತ್ತದೆ. ಹೆಕ್ಟೇರಿಗೆ 100 ಕೆಜಿ ಗೊಬ್ಬರ ಎಂದರೆ ಚದರ ಮೀಟರ್‌ಗೆ 10 ಗ್ರಾಂ. ಕೆಜಿ ಗ್ರಾಂ ಆಗುವಾಗ ಚುಕ್ಕಿ ಮೂರು ಸ್ಥಾನ ಬಲಕ್ಕೆ, ಹೆಕ್ಟೇರ್ ಚದರ ಮೀಟರ್ ಆಗುವಾಗ ನಾಲ್ಕು ಸ್ಥಾನ ಎಡಕ್ಕೆ. ಉಳಿಯುವುದು ಎಡಕ್ಕೆ ಒಂದೇ ಸ್ಥಾನ. ಒಂದು ಬದಿ ಮಾತ್ರ ಬದಲಾಯಿಸಿ ಬಿಟ್ಟರೆ ತಪ್ಪು ಸಾವಿರ ಪಟ್ಟೋ ಹತ್ತು ಸಾವಿರ ಪಟ್ಟೋ ಆಗಿರುತ್ತದೆ. ಯಾವುದು ಬಂತು ಎಂದು ನೋಡಿದರೆ ಯಾವ ಬದಿ ಮರೆತಿರಿ ಎಂದು ಗೊತ್ತಾಗುತ್ತದೆ.

ಪಟ್ಟು ವಿಚಿತ್ರವಾಗಿದ್ದರೆ: ಆ ಚುಕ್ಕಿ ದಶಮಾಂಶದ್ದೇ ಅಲ್ಲ

ಭಾಗಿಸಿದಾಗ 10, 100, 1,000 ಯಾವುದೂ ಬರದೆ 1.13 ಎಂಬಂಥ ಸಂಖ್ಯೆ ಬಂದರೆ ಸೊನ್ನೆಗಳನ್ನು ಬಿಟ್ಟುಬಿಡಿ. ಚುಕ್ಕಿಯನ್ನೇ ಅನುಮಾನಿಸಿ.

ನಮ್ಮ ಕಡೆ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ ಪಹಣಿ. ಜಮೀನು 2.20 ಎಂದಿದ್ದರೆ 2 ಎಕರೆ 20 ಗುಂಟೆ. ಎಕರೆಗೆ 40 ಗುಂಟೆ. ಹಾಗಾಗಿ ಅದು ಎರಡೂವರೆ ಎಕರೆ, 2.50. ಅದನ್ನು ಕ್ಯಾಲ್ಕುಲೇಟರ್‌ಗೆ 2.20 ಎಂದೇ ಕೊಟ್ಟು ಎಕರೆಗೆ ಇಷ್ಟು ಎಂದು ಗುಣಿಸಿದರೆ 12 ಗುಂಟೆ ಮಾಯ. ಒಂದು ಗುಂಟೆ 33 ಅಡಿ ಗುಣಿಸು 33 ಅಡಿ, ಅಂದರೆ 1,089 ಚದರ ಅಡಿ. ಹನ್ನೆರಡು ಗುಂಟೆ ಎಂದರೆ 13,068 ಚದರ ಅಡಿ. ಹತ್ತಿರ ಹತ್ತಿರ ಹನ್ನೊಂದು 30×40 ಸೈಟುಗಳಷ್ಟು ಜಾಗ ಒಂದು ಚುಕ್ಕಿಯಲ್ಲಿ ಹೋಯಿತು.

ಕೂಡುವಾಗಲೂ ಇದೇ ಗೋಳು. 1.30 ಮತ್ತು 1.25 ಕೂಡಿದರೆ ಕ್ಯಾಲ್ಕುಲೇಟರ್ 2.55 ಎನ್ನುತ್ತದೆ. 55 ಗುಂಟೆಯಲ್ಲಿ ಒಂದು ಎಕರೆ ಅಡಗಿದೆ. ಸರಿಯಾದದ್ದು 3 ಎಕರೆ 15 ಗುಂಟೆ.

ಕರಾವಳಿಯಲ್ಲಿ ಲೆಕ್ಕವೇ ಬೇರೆ. ಅಲ್ಲಿ ಸೆಂಟ್ಸ್. ಎಕರೆಗೆ 100 ಸೆಂಟ್ಸ್ ಇರುವುದರಿಂದ 2 ಎಕರೆ 20 ಸೆಂಟ್ಸ್ ನಿಜವಾಗಿಯೂ 2.20 ಎಕರೆ. ಮಂಡ್ಯದ 2.20ಕ್ಕೂ ಮಂಗಳೂರಿನ 2.20ಕ್ಕೂ ಹನ್ನೆರಡು ಗುಂಟೆ ವ್ಯತ್ಯಾಸ! ರೂಪಾಯಿಗೆ ನೂರು ಪೈಸೆ ಆದದ್ದು 1957ರ ಏಪ್ರಿಲ್ 1ರಂದು. ಅಂದಿನಿಂದ ದುಡ್ಡಿನಲ್ಲಿ ಆಣೆಯ ಲೆಕ್ಕ ಮುಗಿಯಿತು. ಜಮೀನಿನಲ್ಲಿ ಮಾತ್ರ ಗುಂಟೆಗೆ 16 ಆಣೆ ಇನ್ನೂ ಉಳಿದುಕೊಂಡಿದೆ.

ಯಾರೂ ವಿವರಿಸದ ಒಂದು ಪಟ್ಟಿ ಕೈಗೆ ಬಂದರೆ ಚುಕ್ಕಿ ಎಂಥದ್ದು ಎಂದು ಹೇಗೆ ತಿಳಿಯುವುದು? ಚುಕ್ಕಿಯ ಬಲಗಡೆ ಇರುವ ಅಂಕಿಗಳನ್ನು ಮಾತ್ರ ಮೇಲಿನಿಂದ ಕೆಳಗೆ ಓದುತ್ತಾ ಹೋಗಿ. ಉದ್ದ ಪಟ್ಟಿಯಲ್ಲಿ ಎಲ್ಲೂ 39 ದಾಟದಿದ್ದರೆ ಅದು ಗುಂಟೆ. 59 ದಾಟದಿದ್ದರೆ ನಿಮಿಷ. 11 ದಾಟದಿದ್ದರೆ ಅಡಿ-ಇಂಚು. 5 ದಾಟದಿದ್ದರೆ ಕ್ರಿಕೆಟ್ ಓವರು. 87, 94 ಎಲ್ಲ ಕಾಣಿಸುತ್ತಿದ್ದರೆ ಅದು ನಿಜವಾದ ದಶಮಾಂಶ. ಪಟ್ಟಿ ಚಿಕ್ಕದಿದ್ದರೆ ಇದನ್ನು ನಂಬಬೇಡಿ, ಬರೆದವರನ್ನೇ ಕೇಳಿ.

ಓವರಿನ ವಿಷಯ ಬಂತು, ಹೇಳಿಬಿಡುತ್ತೇನೆ. 19.3 ಓವರಿನಲ್ಲಿ 195 ರನ್ ಬಂದರೆ ರನ್ ರೇಟು ಸರಿಯಾಗಿ 10. ಮೂರು ಬಾಲು ಅರ್ಧ ಓವರು, ಹಾಗಾಗಿ ಭಾಗಿಸಬೇಕಾದದ್ದು 19.5ರಿಂದ. 19.3ರಿಂದ ಭಾಗಿಸಿದವರಿಗೆ 10.10 ಬರುತ್ತದೆ. ಕರೆಂಟಿನಲ್ಲೂ ಹಾಗೇ. 2,000 ವಾಟಿನ ಗೀಸರ್ 15 ನಿಮಿಷ ಉರಿದರೆ ಅರ್ಧ ಯೂನಿಟ್. ಕಾಲು ಗಂಟೆಯನ್ನು 0.15 ಎಂದು ಬರೆದರೆ 0.3 ಯೂನಿಟ್ ಬರುತ್ತದೆ.

ಪಟ್ಟು 18 ಬಂದರೆ? ಇಂಗ್ಲೆಂಡಿನಲ್ಲಿರುವ ಮಗ ಶುಗರ್ 5.5 ಎಂದು ಫೋನಿನಲ್ಲಿ ಹೇಳಿದರೆ ಇಲ್ಲಿ ಅಮ್ಮ ಗಾಬರಿಯಾಗುತ್ತಾರೆ. ಅಲ್ಲಿ ಅಳೆಯುವುದು ಲೀಟರಿಗೆ ಮಿಲಿಮೋಲ್ ಲೆಕ್ಕದಲ್ಲಿ. 18ರಿಂದ ಗುಣಿಸಿದರೆ ನಮ್ಮ ಲೆಕ್ಕದ 99. ಚುಕ್ಕಿ ಸರಿಸಿ ಇದನ್ನು ಸರಿಮಾಡಲು ಆಗುವುದಿಲ್ಲ.

ನಡುವಿನ ಸೊನ್ನೆ ಬಿಟ್ಟುಹೋದರೆ

3 ಕೆಜಿ 50 ಗ್ರಾಂ ಎಂದರೆ 3.050. ಇದನ್ನು 3.50 ಎಂದು ಬರೆಯುವುದು ಅಂಗಡಿ ಲೆಕ್ಕಗಳಲ್ಲಿ ತುಂಬಾ ಮಾಮೂಲು. ಚಿನ್ನದಲ್ಲಿ 8 ಗ್ರಾಂ 50 ಮಿಲಿಗ್ರಾಂ 8.50 ಆಗಿಬಿಟ್ಟರೆ ದುಬಾರಿ ತಪ್ಪು. ಗ್ರಾಂ, ಮಿಲಿಗ್ರಾಂಗಳಿಗೆ ಚುಕ್ಕಿಯ ನಂತರ ಮೂರು ಸ್ಥಾನ ಬೇಕೇ ಬೇಕು. ಪೈಸೆಗೆ ಎರಡು, ಸೆಂಟಿಮೀಟರ್‌ಗೆ ಎರಡು.

ಇಲ್ಲಿ ಭಾಗಾಕಾರ ಕೈಕೊಡುತ್ತದೆ. ಚುಕ್ಕಿಯ ಎಡಗಡೆಯ ಅಂಕಿ ಸರಿಯಾಗೇ ಇರುವುದರಿಂದ ಉತ್ತರ ಸ್ವಲ್ಪವೇ ತಪ್ಪಿರುತ್ತದೆ, ಅನುಮಾನವೂ ಬರುವುದಿಲ್ಲ. ಹಾಗಾಗಿ ಇಲ್ಲಿ ಕಳೆಯಿರಿ. 3.50ರಲ್ಲಿ 3.050 ಕಳೆದರೆ 0.45. ಅದನ್ನು 9ರಿಂದ ಭಾಗಿಸಿದರೆ 0.05, ಅಂದರೆ ಜಾರಿದ ಆ 50 ಗ್ರಾಂ.

ಲೆಕ್ಕ ಬರೆಯುವವರಿಗೆ ಈ ಒಂಬತ್ತರ ಉಪಾಯ ಹಳೆಯದು. ಕಾರಣ ಸರಳ. ಒಂದು ಸಂಖ್ಯೆ ಹತ್ತು ಪಟ್ಟಾದರೆ ಹೆಚ್ಚಾದದ್ದು ಅದರ ಒಂಬತ್ತು ಪಟ್ಟು. ನೂರು ಪಟ್ಟಾದರೆ 99 ಪಟ್ಟು. ಸಾವಿರ ಪಟ್ಟಾದರೆ 999 ಪಟ್ಟು. ಉದ್ದದ ಸ್ಟಾಕ್ ಪಟ್ಟಿಯ ಮೊತ್ತ 449.55 ಕೆಜಿ ಜಾಸ್ತಿ ಬಂದಿದೆ ಎಂದುಕೊಳ್ಳಿ. 9ರಿಂದ ಭಾಗಿಸಿದರೆ 49.95. 99ರಿಂದ ಭಾಗಿಸಿದರೆ ಉದ್ದದ ಬಾಲ ಬರುತ್ತದೆ, ಬಿಡಿ. 999ರಿಂದ ಭಾಗಿಸಿದರೆ ಚೊಕ್ಕವಾಗಿ 0.45. ಹಾಗಾದರೆ ಅನುಮಾನ ಎರಡೇ ಕಡೆ. 49.95 ಇರಬೇಕಾದಲ್ಲಿ 499.5 ಬಿದ್ದಿದೆ, ಇಲ್ಲವೇ 0.450 ಇರಬೇಕಾದಲ್ಲಿ 450 ಬಿದ್ದಿದೆ. ಪಟ್ಟಿಯಲ್ಲಿ ಈ ಎರಡನ್ನು ಹುಡುಕಿ ಸಾಕು. ಗ್ರಾಂನಲ್ಲಿ ತೂಗಿದ ಏಲಕ್ಕಿಯೋ ಲವಂಗವೋ ಸಿಕ್ಕಿಬೀಳುತ್ತದೆ.

ಒಂದು ಎಚ್ಚರಿಕೆ. 45 ಬರೆಯುವ ಕಡೆ 54 ಬರೆದರೂ ವ್ಯತ್ಯಾಸ ಒಂಬತ್ತರಿಂದ ಭಾಗವಾಗುತ್ತದೆ. ಚುಕ್ಕಿ ಜಾರಿದ ಸಾಲು ಸಿಗದಿದ್ದರೆ ಅಂಕಿಗಳು ಅದಲುಬದಲಾದ ಸಾಲು ಹುಡುಕಿ. ಎರಡು ಕಡೆ ತಪ್ಪಿದ್ದರೆ ಈ ಉಪಾಯ ಕೆಲಸ ಮಾಡುವುದಿಲ್ಲ.

ತಪ್ಪು ಲೆಕ್ಕದ್ದಲ್ಲ, ಓದಿದ್ದರದು

ಬಹಳಷ್ಟು ನೀರಿನ ಮೀಟರ್‌ಗಳಲ್ಲಿ ಕಪ್ಪು ಅಂಕಿಗಳ ಪಕ್ಕ ಕೆಂಪು ಅಂಕಿಗಳಿರುತ್ತವೆ. ಕಪ್ಪು ಘನ ಮೀಟರ್, ಅಂದರೆ ಕಿಲೋಲೀಟರ್. ಕೆಂಪು ಅದರ ದಶಮಾಂಶ. ನಡುವೆ ಚುಕ್ಕಿ ಇರುವುದಿಲ್ಲ, ಬಣ್ಣವೇ ಚುಕ್ಕಿ. ಕಪ್ಪಿನಲ್ಲಿ 00482, ಕೆಂಪಿನಲ್ಲಿ 617 ಇದ್ದರೆ 482.617 ಕಿಲೋಲೀಟರ್. ಎಲ್ಲ ಸೇರಿಸಿ 482617 ಎಂದು ಓದಿದರೆ ಅದೂ ಸರಿಯೇ, ಆದರೆ ಲೀಟರಿನಲ್ಲಿ. ಲೀಟರಿನ ಸಂಖ್ಯೆಯನ್ನು ಕಿಲೋಲೀಟರ್ ಎಂದು ಬರೆದಾಗ ಬಿಲ್ಲು ಸಾವಿರ ಪಟ್ಟು ಏರುತ್ತದೆ. ಮೀಟರಿನ ಫೋಟೊ ತೆಗೆದಿಟ್ಟುಕೊಂಡರೆ ಜಗಳ ಬೇಗ ಮುಗಿಯುತ್ತದೆ. ಬಣ್ಣ ಕಾಣುವಂತೆ ತೆಗೆಯಿರಿ.

ಕರೆಂಟು ಅಳೆಯುವ ಮಲ್ಟಿಮೀಟರ್‌ನಲ್ಲಿ ಮಿಲಿಯೋ ಕಿಲೋವೋ ಎಂದು ಹೇಳುವ ಮೂಲೆಯ ಸಣ್ಣ ಅಕ್ಷರ ನೋಡದೆ ಅಂಕಿ ಮಾತ್ರ ಓದುವುದೂ ಇದೇ ಜಾತಿಯ ತಪ್ಪು. ತಾನೇ ರೇಂಜ್ ಬದಲಿಸುವ ಮೀಟರ್‌ನಲ್ಲಿ ಇದು ಜಾಸ್ತಿ. ಎಲೆಕ್ಟ್ರಾನಿಕ್ಸ್‌ನವರು ಚುಕ್ಕಿಯನ್ನೇ ನಂಬುವುದಿಲ್ಲ. 4.7 ಕಿಲೋ ಓಮ್ ಎಂಬುದನ್ನು 4ಕೆ7 ಎಂದು ಬರೆಯುತ್ತಾರೆ. ನಕ್ಷೆಯನ್ನು ಜೆರಾಕ್ಸ್ ಮಾಡಿದಾಗ ಚುಕ್ಕಿ ಅಳಿಸಿಹೋಗಬಹುದು, ಅಕ್ಷರ ಅಷ್ಟು ಸುಲಭಕ್ಕೆ ಅಳಿಯುವುದಿಲ್ಲ. ಈ ಪದ್ಧತಿ ಬೇರೆ ಕಡೆಯೂ ಬರಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ಬೇರೆ ದೇಶದಿಂದ ಬಂದ ಪಟ್ಟಿಯಾದರೆ ಅಲ್ಪವಿರಾಮ ನೋಡಿ. ಜರ್ಮನಿಯಲ್ಲಿ 3,500 ಕೆಜಿ ಎಂದರೆ ಮೂರೂವರೆ ಕೆಜಿ. 1.250 ಎಂದರೆ ಸಾವಿರದ ಇನ್ನೂರ ಐವತ್ತು. ನಮ್ಮ ಎಕ್ಸೆಲ್‌ಗೆ ತಂದರೆ ಒಂದು ಸಾವಿರ ಪಟ್ಟು ಉಬ್ಬುತ್ತದೆ, ಇನ್ನೊಂದು ಸಾವಿರ ಪಟ್ಟು ಕುಗ್ಗುತ್ತದೆ. ಒಂದೇ ಪಟ್ಟಿಯಲ್ಲಿ ಕೆಲವು ಜಾಸ್ತಿ, ಕೆಲವು ಕಡಿಮೆ ಇದ್ದರೆ ಇದೇ ಕಾರಣ ಎಂದು ಹೆಚ್ಚುಕಡಿಮೆ ಖಚಿತ.

ಲಕ್ಷ, ಮಿಲಿಯನ್ ಬೆರೆತ ಕಡೆಯೂ ಹುಷಾರು. ಮಿಲಿಯನ್ ಎಂದರೆ 10 ಲಕ್ಷ, ಬಿಲಿಯನ್ ಎಂದರೆ 100 ಕೋಟಿ. ಒಂದು ಟಿಎಂಸಿ ನೀರು ಎಂದರೆ 100 ಕೋಟಿ ಘನ ಅಡಿ, ಸುಮಾರು 2,832 ಕೋಟಿ ಲೀಟರ್. ಕೆಆರ್‌ಎಸ್ ತುಂಬಿದಾಗಿನ 49.45 ಟಿಎಂಸಿ ಸುಮಾರು 1.4 ಲಕ್ಷ ಕೋಟಿ ಲೀಟರ್. ಬಿಲಿಯನ್ನನ್ನು 10 ಕೋಟಿ ಎಂದುಕೊಂಡವರಿಗೆ ಅಣೆಕಟ್ಟೆಯ ಹತ್ತನೇ ಒಂದು ಭಾಗ ಮಾತ್ರ ಸಿಗುತ್ತದೆ.

ಡೆಂಗಿ ಕಾಲದಲ್ಲಿ ಪ್ಲೇಟ್‌ಲೆಟ್ ರಿಪೋರ್ಟು ನೋಡಿ ಹೌಹಾರುವವರು ಬಹಳ. ಒಂದು ಲ್ಯಾಬ್ 1.5 ಎನ್ನುತ್ತದೆ, ಇನ್ನೊಂದು 150, ಮತ್ತೊಂದು 1,50,000. ಮೂರೂ ಒಂದೇ. ಮೊದಲನೆಯದು ಲಕ್ಷದಲ್ಲಿ, ಎರಡನೆಯದು ಸಾವಿರದಲ್ಲಿ, ಮೂರನೆಯದು ಬಿಡಿಯಾಗಿ. ನಿನ್ನೆ 1.5 ಇದ್ದದ್ದು ಇಂದು 150 ಆಯಿತು ಎಂದು ಖುಷಿಪಡುವ ಮೊದಲು ಸಂಖ್ಯೆಯ ಪಕ್ಕದಲ್ಲಿ ಏನಿದೆ ಓದಿ.

ಔಷಧಿಯಾದರೆ

ಇಲ್ಲಿ ನೀವೇ ಚುಕ್ಕಿ ಸರಿಸಬೇಡಿ. ಅನುಮಾನ ಬಂದರೆ ವೈದ್ಯರನ್ನೋ ಫಾರ್ಮಸಿಸ್ಟರನ್ನೋ ಕೇಳಿ. ಆದರೆ ಅನುಮಾನ ಪಡಲು ಎರಡು ವಿಷಯ ಗೊತ್ತಿರಲಿ. ಥೈರಾಯ್ಡ್ ಮಾತ್ರೆಯ 100 ಮೈಕ್ರೋಗ್ರಾಂ ಎಂದರೆ 0.1 ಮಿಲಿಗ್ರಾಂ, 25 ಮೈಕ್ರೋಗ್ರಾಂ ಎಂದರೆ 0.025 ಮಿಲಿಗ್ರಾಂ. ಹಾಗೆಯೇ ಚೀಟಿಯಲ್ಲಿ .5 ಎಂದು ಬರೆದರೆ ಚುಕ್ಕಿ ಕಾಣದೆ 5 ಆಗುತ್ತದೆ, 5.0 ಎಂದು ಬರೆದರೆ 50 ಆಗುತ್ತದೆ. 0.5 ಎಂದು ಚುಕ್ಕಿಯ ಎಡಗಡೆ ಸೊನ್ನೆ ಇರಬೇಕು, 5.0 ಎಂದು ಬಲಗಡೆ ಇರಬಾರದು.

ಮಕ್ಕಳ ಜ್ವರದ ಔಷಧಿಯಲ್ಲಿ ಪಟ್ಟು ಹತ್ತಲ್ಲ. ಹನಿ ಔಷಧಿಯ ಒಂದು ಮಿಲಿಲೀಟರ್‌ನಲ್ಲಿ 100 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇರಬಹುದು. ಸಿರಪ್ಪಿನಲ್ಲಿ 5 ಮಿಲಿಲೀಟರ್‌ಗೆ 120 ಮಿಲಿಗ್ರಾಂ, ಅಂದರೆ ಒಂದು ಮಿಲಿಲೀಟರ್‌ಗೆ 24 ಮಿಲಿಗ್ರಾಂ. ಸಿರಪ್ಪಿನ ಅಳತೆಯಲ್ಲಿ ಹನಿ ಔಷಧಿ ಕುಡಿಸಿದರೆ ನಾಲ್ಕು ಪಟ್ಟಿಗೂ ಜಾಸ್ತಿ ಹೋಗುತ್ತದೆ. ಬಾಟಲಿ ಮೇಲಿನ ಎಷ್ಟಕ್ಕೆ ಎಷ್ಟು ಎಂಬುದನ್ನು ಓದದೆ ಕೊಡಬೇಡಿ.

ಸರಿಪಡಿಸುವುದು ಎಲ್ಲಿ

ತಪ್ಪು ಸಿಕ್ಕಿತು ಎಂದು ಕೊನೆಯ ಉತ್ತರವನ್ನು ಸಾವಿರದಿಂದ ಗುಣಿಸಿ ಮುಗಿಸಬೇಡಿ. ಎಕ್ಸೆಲ್‌ನಲ್ಲಿ ಇದು ತುಂಬಾ ನಡೆಯುತ್ತದೆ. ಮುಂದೊಂದು ದಿನ ಇನ್ನೊಬ್ಬರು ಮೂಲದ ಸಾಲಿನಲ್ಲೇ ತಪ್ಪು ಕಂಡು ಸರಿಮಾಡುತ್ತಾರೆ. ಆಗ ಕೊನೆಯಲ್ಲಿ ನೀವು ಹಾಕಿದ ಸಾವಿರ ಹಾಗೇ ಉಳಿದು ಉತ್ತರ ಮತ್ತೆ ಸಾವಿರ ಪಟ್ಟು ತಪ್ಪುತ್ತದೆ, ಈ ಸಲ ಎದುರು ದಿಕ್ಕಿಗೆ. ತಪ್ಪಿದ ಸಾಲಿಗೇ ಹೋಗಿ, ಅಲ್ಲೇ ತಿದ್ದಿ, ಮೇಲಿನ ತಲೆಬರಹದಲ್ಲಿ ಕೆಜಿಯೋ ಗ್ರಾಂನೋ ಬರೆಯಿರಿ. ಬಂದ ಉತ್ತರವನ್ನು ಹಿಂದಕ್ಕೆ ಬದಲಾಯಿಸಿ ನೋಡಿ. 6,000 ಲೀಟರನ್ನು ಮತ್ತೆ ಘನ ಮೀಟರ್ ಮಾಡಿದರೆ 6 ಬರಬೇಕು. ಹಳೆಯ ತಪ್ಪು ಸಂಖ್ಯೆಯನ್ನು ಯಾರಿಗೆಲ್ಲ ವಾಟ್ಸಾಪ್ ಮಾಡಿದ್ದಿರಿ ಎಂದು ನೆನಪಿಸಿಕೊಂಡು ಅವರಿಗೂ ಸರಿಯಾದದ್ದನ್ನು ಕಳಿಸಿ.